ಬೀದಿಯಲ್ಲೊಂದು ಜಾವಾ



ಮೈಸೂರಿನ ಬೀದಿಯಲ್ಲಿ ಹಳೆಯ ಮೋಟಾರು ಸೈಕಲೊಂದು 'ಡಬ್ ಡಬ್' ಎಂದು ಎದುರಾದರೆ ಕ್ಷಣಕಾಲ ನಿಲ್ಲಿರಿ. ಅದು 1961ರಿಂದ 1996ರವರೆಗೆ ಈ ಊರಿನಲ್ಲೇ ತಯಾರಾಗುತ್ತಿದ್ದ ಜಾವಾ ಅಥವಾ ಯೆಜ್ಡಿ ಇರಬಹುದು. ಸಿಲಿಂಡರು ಒಂದೇ ಆದರೂ ಹೊಗೆಕೊಳವೆ ಎರಡು. ಆದರೆ 2018ರಲ್ಲಿ ಬಂದ ಹೊಸ ಜಾವಾಕ್ಕೂ ಕೊಳವೆ ಎರಡೇ, ಮೋಸಹೋಗಬೇಡಿ. ಎಡಗಾಲಿನ ಕಡೆ ನೋಡಿರಿ. ಹಳೆಯದರಲ್ಲಿ ಕಿಕ್ಕರೂ ಗೇರೂ ಒಂದೇ ಸರಳು. ಹಿಂದಕ್ಕೆ ಎತ್ತಿ ಒದ್ದರೆ ಎಂಜಿನು ಹೊತ್ತುತ್ತದೆ, ಮುಂದಕ್ಕೆ ತಿರುಗಿಸಿದರೆ ಗೇರಾಗುತ್ತದೆ. ಒಂದೇ ಪದಕ್ಕೆ ಎರಡರ್ಥ! ತರಗತಿಯಲ್ಲಿ ಶ್ಲೇಷಾಲಂಕಾರಕ್ಕೆ ನಾನು ಕೊಡುವ ಉದಾಹರಣೆ ಇದೇ. ಹುಡುಗರು ಪರೀಕ್ಷೆಯಲ್ಲಿಯೂ ಇದನ್ನೇ ಬರೆದಿಟ್ಟು ಬರುತ್ತಾರೆ, ಅದು ಬೇರೆ ಮಾತು.

ನಮ್ಮ ತಂದೆಯವರದೊಂದು ಯೆಜ್ಡಿ ಇತ್ತು. ಅವರು ತೀರಿಕೊಂಡ ವರ್ಷ, ಅಂಗಳದಲ್ಲಿ ಜಾಗವಿಲ್ಲವೆಂದು ಗುಜರಿಯವನು ಕೇಳಿದ ಬೆಲೆಗೇ ಕೊಟ್ಟುಬಿಟ್ಟೆ. ಅಂದಿನಿಂದ ಎಲ್ಲಿ ಯೆಜ್ಡಿ ಕಂಡರೂ ಮೊದಲು ಅದರ ನಂಬರು ಓದುತ್ತೇನೆ.

ಮೊನ್ನೆ ಹಾಲಿನ ಕ್ಯಾನು ಹೊತ್ತ ಒಂದು ಯೆಜ್ಡಿ ನಿಂತಿತ್ತು. ಬಗ್ಗಿ ಓದಿದೆ, ನಮ್ಮದಲ್ಲ.

"ಯಾಕೆ ಸ್ವಾಮಿ?" ಎಂದ ಹಾಲಿನವನು.

"ಏನಿಲ್ಲಪ್ಪ, ಒಂದು ಸಲ ಒದೆಯಲೇ?" ಎಂದೆ.

ನಕ್ಕು ಪಕ್ಕಕ್ಕೆ ಸರಿದ. ಮೂರನೆಯ ಒದೆತಕ್ಕೆ ಹೊತ್ತಿಕೊಂಡಿತು.