ದುರ್ಬೀನಿಗೊಂದು ಗುರಿಗಾಜು

(ಮುಂಬಯಿಯ ನಮ್ಮ ಸಂಘದ ರಾತ್ರಿ ತರಗತಿಯ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಮಾಡಿ ಬಲ್ಲವನಲ್ಲ. 1982ರ ಮುಷ್ಕರದ ತನಕ ಮಿಲ್ಲಿನ ಮಗ್ಗದ ಖಾತೆಯಲ್ಲಿದ್ದೆ. ಆಮೇಲೆ ಬಹುಕಾಲ ಹೋಟೆಲಿನ ಗಲ್ಲೆಯ ಮೇಲೆ ಕುಳಿತೆ. ಖಗೋಲಶಾಸ್ತ್ರವನ್ನು ಶಾಲೆಯಲ್ಲಿ ಕಲಿತವನೂ ಅಲ್ಲ. ಆದರೂ ಕಾರ್ಯದರ್ಶಿಗಳು, "ಆ ದುರ್ಬೀನಿನ ಕಥೆಯನ್ನು ನೀವೇ ಹೇಳಬೇಕು" ಎಂದು ಹಟ ಹಿಡಿದರು. ಆ ಕಥೆಯಲ್ಲಿ ತಪ್ಪು ಮಾಡಿದವನು ನಾನೇ. ಆದುದರಿಂದ ಅದನ್ನು ಹೇಳುವ ಹೊಣೆಯೂ ನನ್ನದೇ ಎಂದು ಒಪ್ಪಿಕೊಂಡೆ.

ನಾವೆಲ್ಲ ವಂತಿಗೆ ಕೂಡಿಸಿ ಒಂದು ದುರ್ಬೀನು ಕೊಂಡದ್ದು ತಮಗೆ ನೆನಪಿದೆ. ಆರು ಅಂಗುಲದ ಕನ್ನಡಿಯುಳ್ಳದ್ದು, ಗಟ್ಟಿಮುಟ್ಟಾದ ಯಂತ್ರ. 2025ರ ಜನವರಿಯ ಒಂದು ರಾತ್ರಿ ಅದನ್ನು ತಾರಸಿಯ ಮೇಲೆ ಇಟ್ಟೆ. ಹೋಟೆಲಿನ ಬಾಗಿಲು ಹಾಕಿ, ನೆಲ ತೊಳೆದು, ಹನ್ನೊಂದೂವರೆಗೆ ಹತ್ತು ಹದಿನೈದು ಹುಡುಗರು ಮೇಲೆ ಬಂದರು. ಬೆಳಗ್ಗೆ ಐದಕ್ಕೆ ಅವರು ಮತ್ತೆ ಒಲೆಯ ಮುಂದೆ ನಿಲ್ಲಬೇಕು. ಗುರುಗ್ರಹ ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ವಾಲಿ ದೀಪದಂತೆ ಉರಿಯುತ್ತಿತ್ತು. ಅದನ್ನು ದುರ್ಬೀನಿನಲ್ಲಿ ಹಿಡಿಯಲು ನಾನು ಮೊಣಕಾಲೂರಿದೆ, ಕತ್ತು ತಿರುಚಿದೆ, ಬೆವರಿದೆ. ನಲವತ್ತು ನಿಮಿಷವಾದರೂ ಸಿಗಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಇಳಿದುಹೋದರು. ಕೊನೆಗೆ ಉಳಿದ ಕ್ಲೀನರ್ ಹುಡುಗ ಮೆಲ್ಲಗೆ ಹೇಳಿದ: "ಅಣ್ಣಾ, ಬರಿಗಣ್ಣಿಗೆ ಕಾಣುವುದೇ ಇದರಲ್ಲಿ ಕಾಣುವುದಿಲ್ಲವಲ್ಲ!"

ಆ ಮಾತು ನನಗೆ ಚುಚ್ಚಿತು. ಅವರು ನನಗೆ ಕೊಟ್ಟದ್ದು ತಮ್ಮ ನಿದ್ದೆ. ಅದನ್ನು ನಾನು ಪೋಲು ಮಾಡಿದ್ದೆ. ಮುಂದಿನ ಸಭೆಯಲ್ಲಿ ದುರ್ಬೀನನ್ನು ಮಾರಿಬಿಡೋಣವೆಂಬ ಮಾತೂ ಬಂತು. "ಒಂದು ತಿಂಗಳು ಅವಕಾಶ ಕೊಡಿ" ಎಂದು ಬೇಡಿಕೊಂಡೆ.

ತಪ್ಪು ಎಲ್ಲಿತ್ತು? ದುರ್ಬೀನು ದೊಡ್ಡದು ಮಾಡಿ ತೋರಿಸುತ್ತದೆ ಎಂದು ಎಲ್ಲರೂ ಬಲ್ಲರು. ದೊಡ್ಡದು ಮಾಡಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ ಎಂಬುದನ್ನು ಮರೆಯುತ್ತಾರೆ. ನಮ್ಮ ಕನ್ನಡಿಯ ಸಂಗಮದೂರ 1200 ಮಿಲಿಮೀಟರು. ಅದಕ್ಕೆ 25 ಮಿಲಿಮೀಟರಿನ ಕಣ್ಣುಮಸೂರ ಹಾಕಿದರೆ 48 ಪಾಲು ದೊಡ್ಡದಾಗುತ್ತದೆ. ಆಗ ಕಾಣುವ ಆಕಾಶ ಸುಮಾರು ಒಂದು ಡಿಗ್ರಿ ಅಗಲ, ಎಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕದಲ್ಲಿ ಇಟ್ಟಷ್ಟು. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಅದು ಮುಚ್ಚುವ ಅಗಲವೂ ಅಷ್ಟೇ. ನಮ್ಮ ತಲೆಯ ಮೇಲಿರುವ ಅರ್ಧ ಆಕಾಶವನ್ನು ಮುಚ್ಚಲು ಇಂಥ ಬಿಲ್ಲೆಗಳು 20,000ಕ್ಕೂ ಹೆಚ್ಚು ಬೇಕು. ಅಂದಾಜಿನಿಂದ ಹುಡುಕುವುದೆಂದರೆ ಮೂಟೆ ಅಕ್ಕಿಯಲ್ಲಿ ಒಂದೇ ಕಲ್ಲನ್ನು ಆರಿಸುವ ಕೆಲಸ.

ಇದಕ್ಕಾಗಿಯೇ ದುರ್ಬೀನಿನ ಬೆನ್ನ ಮೇಲೆ ಫೈಂಡರ್ ಎಂಬ ಒಂದು ಮರಿ ದುರ್ಬೀನು ಇರುತ್ತದೆ. ನಮ್ಮದರಲ್ಲೂ ಇತ್ತು. ಆದರೆ ಅದರಲ್ಲಿ ಆಕಾಶ ತಲೆಕೆಳಗಾಗಿ ಕಾಣುತ್ತದೆ. ಎಡಬಲಗಳೂ ಅದಲುಬದಲಾಗಿ ತೋರುತ್ತವೆ. ಬರಿಗಣ್ಣಿಗೆ ಕಾಣದ ನೂರು ಚುಕ್ಕಿಗಳೂ ನಡುವೆ ಬಂದು ದಾರಿ ತಪ್ಪಿಸುತ್ತವೆ. ನುರಿತವರಿಗೆ ಅದು ಒಳ್ಳೆಯ ಉಪಕರಣ. ದಣಿದು ಬಂದ ಹೊಸಬನಿಗೆ ಅದು ಗೊಂದಲ.

ಇಲ್ಲಿ ಬೇಕಾದದ್ದು ಏನನ್ನೂ ದೊಡ್ಡದು ಮಾಡದ ಫೈಂಡರ್. ಅಂಗಡಿಯಲ್ಲಿ ಇದನ್ನು ರೆಡ್ ಡಾಟ್ ಫೈಂಡರ್ ಎಂದು ಕೇಳಿ ಪಡೆಯಬಹುದು. ನಾನು ಇದಕ್ಕೆ ಗುರಿಗಾಜು ಎನ್ನುತ್ತೇನೆ. ಒಂದು ತುಂಡು ಗಾಜಿನ ಮೂಲಕ ಆಕಾಶ ಇದ್ದಂತೆಯೇ ಕಾಣುತ್ತದೆ. ಅದರ ನಡುವೆ ಒಂದು ಕೆಂಪು ಚುಕ್ಕಿ ತೇಲುತ್ತದೆ. ಚುಕ್ಕಿ ಯಾವ ನಕ್ಷತ್ರದ ಮೇಲೆ ಕೂಡುತ್ತದೆಯೋ ದುರ್ಬೀನು ಅದನ್ನೇ ನೋಡುತ್ತಿರುತ್ತದೆ.

ಇದರಲ್ಲಿ ಮಾಯವೇನೂ ಇಲ್ಲ. ಹೋಟೆಲಿನ ತಿಂಡಿಯ ಶೋಕೇಸಿನ ಮುಂದೆ ನಿಂತು ನೋಡಿ. ಗಾಜಿನ ಹಿಂದೆ ಮೈಸೂರುಪಾಕು ಕಾಣುತ್ತದೆ. ಅದರ ಮೇಲೆಯೇ ಟ್ಯೂಬ್‌ಲೈಟಿನ ಬಿಂಬವೂ ತೇಲುತ್ತದೆ. ಗುರಿಗಾಜೂ ಅಷ್ಟೇ. ಆದರೆ ಶೋಕೇಸಿನ ಮುಂದೆ ತಲೆ ಅಲ್ಲಾಡಿಸಿದರೆ ದೀಪದ ಬಿಂಬ ಮೈಸೂರುಪಾಕಿನಿಂದ ಜಾರಿ ಜಿಲೇಬಿಯ ಮೇಲೆ ಹೋಗುತ್ತದೆ. ಗುರಿಗೆ ಇದು ಆಗದು. ಆದುದರಿಂದ ಕೆಂಪು ದೀಪವನ್ನು ಒಂದು ಮಸೂರದ ಸಂಗಮಸ್ಥಾನದಲ್ಲಿ ಇಡುತ್ತಾರೆ. ಅದರ ಕಿರಣಗಳು ನಕ್ಷತ್ರದ ಕಿರಣಗಳಂತೆಯೇ ಒಂದಕ್ಕೊಂದು ಸಮಾನಾಂತರವಾಗಿ ಹೊರಡುತ್ತವೆ. ಆಗ ತಲೆ ಸ್ವಲ್ಪ ಆಚೀಚೆ ಸರಿದರೂ ಚುಕ್ಕಿ ನಕ್ಷತ್ರವನ್ನು ಬಿಟ್ಟು ಕದಲುವುದಿಲ್ಲ. ಸಣ್ಣ ಗುರಿಗಾಜುಗಳಲ್ಲಿ ಬಾಗಿದ ಗಾಜೇ ಮಸೂರದ ಕೆಲಸವನ್ನೂ ಮಾಡುತ್ತದೆ. ಈ ಉಪಾಯವನ್ನು ಕಂಡುಹಿಡಿದವರು ಡಬ್ಲಿನ್ನಿನಲ್ಲಿ ದುರ್ಬೀನುಗಳನ್ನು ತಯಾರಿಸುತ್ತಿದ್ದ ಹೋವರ್ಡ್ ಗ್ರಬ್. 1900ರಲ್ಲಿ ಅವರು ಇದಕ್ಕೆ ಪೇಟೆಂಟು ಪಡೆದದ್ದು ಬಂದೂಕಿನ ಗುರಿಗಾಗಿ. ಬಂದೂಕಿಗೆಂದು ಹುಟ್ಟಿದ ಉಪಾಯ ಇಂದು ನಕ್ಷತ್ರ ನೋಡುವವರ ಕೈಗೆ ಬಂದಿದೆ.

ಇನ್ನು ಯಾವುದನ್ನು ಕೊಳ್ಳಬೇಕು? ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಸಾಮಾನ್ಯ ರೆಡ್ ಡಾಟ್. ಇದು ಹಗುರ, ಅಗ್ಗ. ಬಿಲ್ಲೆಯಂಥ ಬ್ಯಾಟರಿಯಿಂದ ನಡೆಯುತ್ತದೆ. ಎರಡನೆಯದು ಟೆಲ್ರಾಡ್. ಸ್ಟೀವ್ ಕುಫೆಲ್ಡ್ ಎಂಬ ಅಮೆರಿಕದ ಹವ್ಯಾಸಿ ರೂಪಿಸಿದ್ದು. ಇದರಲ್ಲಿ ಚುಕ್ಕಿಯ ಬದಲು ಅರ್ಧ ಡಿಗ್ರಿ, 2 ಡಿಗ್ರಿ, 4 ಡಿಗ್ರಿ ಅಗಲದ ಮೂರು ಕೆಂಪು ಬಳೆಗಳು ಕಾಣುತ್ತವೆ. ಒಳಬಳೆ ಚಂದ್ರನಷ್ಟು ಅಗಲ. ನಕ್ಷೆಯನ್ನು ನೋಡಿ ಆಕಾಶ ಅಳೆಯಲು ಈ ಬಳೆಗಳು ಬಹಳ ಅನುಕೂಲ. ಆದರೆ ಇದರ ಮೈ ಉದ್ದ. ಸಣ್ಣ ದುರ್ಬೀನಿನ ಮೇಲೆ ಹೊರೆಯಾಗುತ್ತದೆ. ಮೂರನೆಯದು ರೈಜೆಲ್ ಕ್ವಿಕ್‌ಫೈಂಡರ್. ಅರ್ಧ ಮತ್ತು 2 ಡಿಗ್ರಿಯ ಎರಡು ಬಳೆಗಳು, ಹಗುರ. ಎತ್ತರವಾಗಿ ನಿಲ್ಲುವುದರಿಂದ ಕತ್ತು ಅಷ್ಟು ಬಗ್ಗಿಸಬೇಕಾಗಿಲ್ಲ.

ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡತಕ್ಕದ್ದು. ಒಂದು, ದೀಪದ ಬೆಳಕು ತೀರ ಕುಗ್ಗುತ್ತದೆಯೇ? ಚುಕ್ಕಿ ಜೋರಾಗಿ ಉರಿದರೆ ಮಂದ ನಕ್ಷತ್ರ ಅದರಡಿಯಲ್ಲಿ ಅಡಗಿಹೋಗುತ್ತದೆ. ಎರಡು, ಗಾಜು ತಿಳಿಯಾಗಿದೆಯೇ? ಬಂದೂಕಿಗೆ ಮಾಡಿದ ಕೆಲವು ಗಾಜುಗಳಿಗೆ ಬಣ್ಣದ ಲೇಪವಿರುತ್ತದೆ. ಅದು ಹಗಲಿಗೆ ಸರಿ, ಇರುಳಿಗೆ ನಷ್ಟ. ಮೂರು, ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ಸರಿಸುವ ತಿರುಪುಗಳು ಬಿಗಿಯಾಗಿವೆಯೇ? ನಾಲ್ಕು, ಅದರ ಕಾಲು ನಮ್ಮ ದುರ್ಬೀನಿನ ಮೇಲೆ ಅಲುಗಾಡದೆ ಕೂಡುತ್ತದೆಯೇ? ಮಗ್ಗದ ಖಾತೆಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಸಡಿಲವಾದ ಒಂದು ನಟ್ಟು ಇಡೀ ಯಂತ್ರದ ಮಾನ ಕಳೆಯುತ್ತದೆ. ನಮ್ಮ ಸಂಘಕ್ಕೆ ನಾನು ತಂದದ್ದು ಅಗ್ಗದ ಕೆಂಪು ಚುಕ್ಕಿಯದೇ. ಅದೂ ಕೈಗೆಟುಕದಿದ್ದರೆ ತಂಪು ಪಾನೀಯದ ಒಂದು ಕೊಳವೆಯನ್ನು ದುರ್ಬೀನಿನ ಉದ್ದಕ್ಕೆ ಸರಿಯಾಗಿ ಅಂಟಿಸಿ ಅದರ ಮೂಲಕ ನೋಡಿ. ನಿಖರವಲ್ಲ, ಆದರೆ ಚಂದ್ರನನ್ನೂ ಹೊಳೆಯುವ ಗ್ರಹಗಳನ್ನೂ ಹಿಡಿಯಲು ಸಾಕು.

ತಂದು ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದುರ್ಬೀನೂ ಗುರಿಗಾಜೂ ಒಂದೇ ಕಡೆ ನೋಡುವಂತೆ ಹೊಂದಿಸಬೇಕು. ಇದನ್ನು ಹಗಲಿನಲ್ಲೇ ಮಾಡಿಕೊಳ್ಳಿ. ನಮ್ಮ ತಾರಸಿಯಿಂದ ಮೈಲಿಗೂ ಹೆಚ್ಚು ದೂರದಲ್ಲಿ, ನಿಂತುಹೋದ ಮಿಲ್ಲೊಂದರ ಚಿಮಣಿ ಇನ್ನೂ ಕಾಣುತ್ತದೆ. ಮೊದಲು ಕಡಿಮೆ ಶಕ್ತಿಯ ಕಣ್ಣುಮಸೂರದಲ್ಲಿ ಆ ಚಿಮಣಿಯ ತುದಿಯನ್ನು ನಟ್ಟನಡುವೆ ತಂದೆ. ಆಮೇಲೆ ದುರ್ಬೀನನ್ನು ಮುಟ್ಟದೆ, ತಿರುಪುಗಳನ್ನಷ್ಟೇ ತಿರುವಿ ಕೆಂಪು ಚುಕ್ಕಿಯನ್ನು ಅದೇ ತುದಿಗೆ ಕೂಡಿಸಿದೆ. ಹತ್ತಿರದ ಗೋಡೆಯನ್ನು ಗುರಿಯಾಗಿ ಹಿಡಿಯಬೇಡಿ. ಗಾಜಿಗೂ ಕೊಳವೆಗೂ ನಡುವೆ ಇರುವ ನಾಲ್ಕು ಅಂಗುಲದ ಅಂತರ ಆಗ ಲೆಕ್ಕ ತಪ್ಪಿಸುತ್ತದೆ. ರಾತ್ರಿ ಒಂದು ಹೊಳೆಯುವ ನಕ್ಷತ್ರದ ಮೇಲೆ ಮತ್ತೊಮ್ಮೆ ತಿದ್ದಿಕೊಳ್ಳಿ. ಅದು ಬೇಗ ಆಗಬೇಕು. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ನಡುವೆ ಇಟ್ಟ ನಕ್ಷತ್ರ ಎರಡೇ ನಿಮಿಷದಲ್ಲಿ ಅಂಚಿಗೆ ಹೋಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಹಗಲಿನಲ್ಲಿ ದುರ್ಬೀನನ್ನು ಸೂರ್ಯನ ಹತ್ತಿರಕ್ಕೂ ತಿರುಗಿಸಕೂಡದು. ಗುರಿಗಾಜಿನಲ್ಲಿ ಸೂರ್ಯನನ್ನು ತಡೆಯುವುದು ಏನೂ ಇಲ್ಲ. ದುರ್ಬೀನಿನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಹೊಂದಿಸುವಾಗ ಸೂರ್ಯ ಕಟ್ಟಡದ ಹಿಂದೆ ಮರೆಯಾಗಿರಲಿ. ಮಕ್ಕಳ ಕೈಗೆ ಹಗಲಿನಲ್ಲಿ ಬಿಡಲೇಬೇಡಿ.

ಬಳಸುವಾಗ ಎರಡು ಕಣ್ಣನ್ನೂ ತೆರೆದಿಡಿ. ಇದೇ ಇದರ ಗುಟ್ಟು. ಒಂದು ಕಣ್ಣಿಗೆ ಚುಕ್ಕಿ ಕಾಣುತ್ತದೆ, ಎರಡಕ್ಕೂ ಆಕಾಶ ಕಾಣುತ್ತದೆ. ಮನಸ್ಸು ಎರಡನ್ನೂ ಕೂಡಿಸುತ್ತದೆ. ಕಣ್ಣನ್ನು ಗಾಜಿಗೆ ಒತ್ತಬೇಕಾಗಿಲ್ಲ. ಒಂದು ಗೇಣು ಹಿಂದೆ ನಿಂತೇ ನೋಡಬಹುದು. ನನ್ನಂತೆ ಕನ್ನಡಕ ಹಾಕಿದ ಮುದುಕರಿಗೆ ಇದು ದೊಡ್ಡ ಉಪಕಾರ. ಗುರಿ ಸಿಕ್ಕಿದ ಕೂಡಲೆ ದೀಪ ಆರಿಸಿ. ಆರಿಸಲು ಮರೆತು ನಾನು ಎರಡು ಬ್ಯಾಟರಿ ಕಳೆದಿದ್ದೇನೆ. ಗಾಜಿನ ಮೇಲೆ ಇಬ್ಬನಿ ಕೂತರೆ ಮೆತ್ತಗಿನ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಗುರಿಗಾಜಿಗೂ ಒಂದು ಮಿತಿಯಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಬೆಳಕನ್ನು ಕೂಡಿಸುವುದಿಲ್ಲ. ಕಣ್ಣಿಗೆ ಕಾಣದ್ದು ಅದರಲ್ಲೂ ಕಾಣದು. ಮುಂಬಯಿಯ ದೀಪಗಳ ನಡುವೆ ನಮಗೆ ಕಾಣುವ ನಕ್ಷತ್ರಗಳು ಎಣಿಕೆಯಷ್ಟು. ಹಾಗಾದರೆ ಕಾಣದ್ದನ್ನು ಹಿಡಿಯುವುದು ಹೇಗೆ? ಕಾಣುವವುಗಳ ನಡುವೆ ಅಳೆದು.

ಊರಿನ ಮಳೆಗಳ ಹೆಸರು ನೆನೆಯಿರಿ: ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಹೊಲದಲ್ಲಿ ಬೆಳೆದವರಿಗೆ ಈ ಸಾಲು ಬಾಯಿಪಾಠ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಮಳೆಗೆ ಅದರ ಹೆಸರು. ಮಳೆಗಳ ಸಾಲೇ ಆಕಾಶದಲ್ಲಿ ನಕ್ಷತ್ರಗಳ ಸಾಲು. ಫೆಬ್ರವರಿ, ಮಾರ್ಚಿಯ ರಾತ್ರಿ ಪುನರ್ವಸುವಿನ ಜೋಡಿಯೂ ಮಘೆಯ ಒಂಟಿ ನಕ್ಷತ್ರವೂ ನಮ್ಮ ಊರಲ್ಲೂ ಕಾಣುತ್ತವೆ. ಇವೆರಡರ ನಡುವೆ, ಪುನರ್ವಸುವಿನ ಕಡೆಗೆ ತುಸು ವಾಲಿ, ಪುಷ್ಯವಿದೆ. ಅದರ ನಕ್ಷತ್ರಗಳು ಮಂದ, ನಗರದಲ್ಲಿ ಕಾಣವು. ಅಲ್ಲಿ ಕೆಂಪು ಚುಕ್ಕಿಯನ್ನಿಟ್ಟು ಕಡಿಮೆ ಶಕ್ತಿಯಲ್ಲಿ ಸುತ್ತಮುತ್ತ ಮೆಲ್ಲಗೆ ಅರಸಿದರೆ, ಚೆಲ್ಲಿದ ಸಾಬುದಾನಿಯಂತೆ ಒಂದು ನಕ್ಷತ್ರಗುಂಪು ಕಣ್ಣಿಗೆ ಬೀಳುತ್ತದೆ. ಪುಷ್ಯ ಮುಂಬಯಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ನೆತ್ತಿಗೆ ಬಂದಾಗ ಕತ್ತು ನೋಯುತ್ತದೆ. ಎರಡು ಗಂಟೆ ಮೊದಲೇ ಹಿಡಿಯುವುದು ಲೇಸು. ಇನ್ನೂ ಮಂದವಾದವುಗಳಿಗೆ ಮರಿ ದುರ್ಬೀನೂ ಬೇಕು. ಆದುದರಿಂದ ಹಳೆಯದನ್ನು ನಾನು ಬಿಸಾಡಿಲ್ಲ. ಗುರಿಗಾಜು ಓಣಿಯ ತನಕ ಕರೆದೊಯ್ಯುತ್ತದೆ, ಮರಿ ದುರ್ಬೀನು ಮನೆ ತೋರಿಸುತ್ತದೆ.

ಫೆಬ್ರವರಿಯಲ್ಲಿ ಮತ್ತೆ ಅದೇ ಹುಡುಗರನ್ನು ಕರೆದೆ. ಕೆಲವರು ನಕ್ಕರು, ಆದರೂ ಬಂದರು. ಗುರು ಆಗ ಪಶ್ಚಿಮದಲ್ಲಿ ಕಟ್ಟಡಗಳ ಮೇಲಿದ್ದ. ಈ ಸಲ ನಾನು ದುರ್ಬೀನನ್ನು ಮುಟ್ಟಲಿಲ್ಲ. ಆ ಕ್ಲೀನರ್ ಹುಡುಗನ ಕೈಗೆ ಕೊಟ್ಟು, "ಕೆಂಪು ಚುಕ್ಕಿಯನ್ನು ಅದರ ಮೇಲೆ ಇಡು" ಎಂದಷ್ಟೇ ಹೇಳಿದೆ. ಅವನು ಇಟ್ಟ, ಬಗ್ಗಿ ನೋಡಿದ, ಸ್ವಲ್ಪ ಹೊತ್ತು ಮಾತಾಡಲಿಲ್ಲ. 1610ರಲ್ಲಿ ಗೆಲಿಲಿಯೋ ಕಂಡಿದ್ದ ಗುರುವಿನ ಚಂದ್ರರು ಒಂದೇ ಸಾಲಿನಲ್ಲಿ ಇದ್ದವು. "ಅಣ್ಣಾ, ಸಿಕ್ಕಿತು" ಎಂದ. ಅಂದು ಬಂದವರೆಲ್ಲ ಸರದಿಯಲ್ಲಿ ನೋಡಿ ಅರ್ಧ ಗಂಟೆಯೊಳಗೆ ಮಲಗಲು ಹೋದರು. ಪ್ರತಿ ಎರಡು ನಿಮಿಷಕ್ಕೆ ಗುರು ಜಾರಿದಾಗ ಮತ್ತೆ ಹಿಡಿದುಕೊಟ್ಟವನೂ ಅವನೇ.

ಸ್ನೇಹಿತರೇ, ನಾನು ಹೇಳಬೇಕೆಂದದ್ದು ಇಷ್ಟೇ. ಹೊತ್ತು ಉಳ್ಳವನು ಹುಡುಕುತ್ತಾ ಕೂಡಬಲ್ಲ. ದುಡಿಯುವವನಿಗೆ ಇರುವುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಕಾಯುವ ಉಪಕರಣ ದೊಡ್ಡ ಕನ್ನಡಿಯಷ್ಟೇ ಮುಖ್ಯ. ದುರ್ಬೀನು ಕೊಳ್ಳುವವರು ಎಷ್ಟು ಪಾಲು ದೊಡ್ಡದು ಮಾಡುತ್ತದೆ ಎಂದು ಕೇಳುತ್ತಾರೆ. ಗುರಿ ಹಿಡಿಯುವುದು ಹೇಗೆ ಎಂದು ಮೊದಲು ಕೇಳಿರಿ. ನಮ್ಮ ದುರ್ಬೀನನ್ನು ಮಾರುವ ಮಾತು ಈಗ ಇಲ್ಲ. ರಾತ್ರಿ ತರಗತಿಯ ಯಾರು ಬೇಕಾದರೂ ಬಂದು ಚುಕ್ಕಿ ಹೊಂದಿಸುವುದನ್ನು ಕಲಿಯಬಹುದು. ಕಲಿಸಲು ನಾನಿದ್ದೇನೆ, ನನಗಿಂತ ಚೆನ್ನಾಗಿ ಕಲಿಸಲು ಆ ಹುಡುಗನಿದ್ದಾನೆ.