ಗಟ್ಟಿ ಆಹಾರಕ್ಕೆ ಮರಳುವ ಹೊಟ್ಟೆ

ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ತೆಗೆಯುತ್ತಾರೆ. ಉಳಿಯುವುದು ಕಿರಿದಾದ ಕೊಳವೆ. ಗಾಯ ಮಾಯಬೇಕು, ಬಾವು ಇಳಿಯಬೇಕು. ಆದ್ದರಿಂದ ಊಟ ಹಂತಹಂತವಾಗಿ ಮರಳುತ್ತದೆ: ಮೊದಲು ತಿಳಿಯಾದ ದ್ರವ, ಬಳಿಕ ಮಜ್ಜಿಗೆ, ಬೇಳೆಕಟ್ಟು, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತಗೆ ಬೆಂದದ್ದು. ಗಟ್ಟಿ ಆಹಾರದ ಸರದಿ ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ, ವೈದ್ಯರ ಒಪ್ಪಿಗೆಯ ಮೇಲೆ.

ಆಗಲೂ ಎಲ್ಲವೂ ಒಮ್ಮೆಗೇ ಒಗ್ಗುವುದಿಲ್ಲ. ಮೆತ್ತನೆಯ ಬ್ರೆಡ್, ಮುದ್ದೆಯಾದ ಅನ್ನ, ಒಣಗಿದ ಕೋಳಿಮಾಂಸ, ನಾರಿನ ತರಕಾರಿ ಹಲವರಿಗೆ ಕಷ್ಟ. ಅವಸರದ ಒಂದು ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೊರೆನೀರು ತುಂಬಿ, ವಾಂತಿಯಾಗಬಹುದು.

ತುತ್ತು ಸಣ್ಣದಿರಲಿ, 20–30 ಸಲ ಅಗಿದು ನುಂಗಬೇಕು. ತಟ್ಟೆಯಲ್ಲಿ ಪ್ರೋಟೀನಿಗೆ ಮೊದಲ ಸ್ಥಾನ: ಮೊಟ್ಟೆ, ಪನೀರ್, ಬೇಳೆ, ಮೀನು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಕಳೆಯಲಿ. ಹೊಸ ಪದಾರ್ಥಗಳನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು. ಇಂದು ಒಗ್ಗದ್ದು ಕೆಲವು ವಾರಗಳ ಬಳಿಕ ಒಗ್ಗೀತು. ಸಾಕೆನಿಸಿದೊಡನೆ ನಿಲ್ಲಿಸಬೇಕು, ಮನೆಯವರೂ ಬಲವಂತದಿಂದ ಬಡಿಸಬಾರದು. ವಾಂತಿ ನಿಲ್ಲದಿದ್ದರೆ, ನೀರೂ ಇಳಿಯದಿದ್ದರೆ, ತಡಮಾಡದೆ ವೈದ್ಯರನ್ನು ಕಾಣಬೇಕು.