ಮಲೆನಾಡ ಅಂಚಿನ ಟ್ರಾಂ ದಾರಿಗಳು

ಟ್ರಾಂ ಎಂದೊಡನೆ ಓದುಗರ ಮನಸ್ಸಿಗೆ ಬರುವುದು 1873ರಲ್ಲಿ ಕುದುರೆಗಳಿಂದ ಎಳೆಸಿಕೊಂಡು ಹೊರಟು, 1902ರಲ್ಲಿ ವಿದ್ಯುತ್ತಿಗೆ ಹೊರಳಿ, ಇಂದಿಗೂ ಹೇಗೋ ಉಸಿರು ಹಿಡಿದುಕೊಂಡಿರುವ ಕೋಲ್ಕತ್ತದ ಬೀದಿ ಬಂಡಿ. ಇಲ್ಲವೇ 1895ರಿಂದ 1953ರವರೆಗೆ ಮದರಾಸಿನಲ್ಲಿ ಓಡಿದ ವಿದ್ಯುತ್ ಟ್ರಾಂ. ಬೆಂಗಳೂರು, ಮೈಸೂರುಗಳ ಬೀದಿಗಳಿಗೆ ಅಂಥ ಬಂಡಿ ಬರಲಿಲ್ಲ. ಮೈಸೂರು ಸಂಸ್ಥಾನದ ಟ್ರಾಂ ಕಾಡಿನ ಕಡೆಗೆ ಹೊರಟಿತು, ಮತ್ತು ಅದರ ಮುಖ್ಯ ಹೊರೆ ಮರಮಟ್ಟು, ಅದಿರು, ಸೌದೆಗಳಾಗಿದ್ದವು.

1889ರಲ್ಲಿ ಹರಿಹರವನ್ನು ಮುಟ್ಟಿದ ರೈಲು ಕಡೂರು, ಬೀರೂರುಗಳನ್ನು ಬೆಂಗಳೂರಿಗೆ ಜೋಡಿಸಿತು; 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆದು ತರೀಕೆರೆಯನ್ನೂ ಆ ಜಾಲಕ್ಕೆ ಸೇರಿಸಿತು. ಇವೆಲ್ಲ ಮೀಟರ್ ಗೇಜ್ ಮಾರ್ಗಗಳು. ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಣ ಅಂತರ. ಮೀಟರ್ ಗೇಜಿನಲ್ಲಿ ಅದು 1000 ಮಿಲಿಮೀಟರ್. ತರೀಕೆರೆಯಿಂದ ಪಶ್ಚಿಮಕ್ಕೆ, ಎಡೆಹಳ್ಳಿ ಎಂಬ ಹಳೆಯ ಹೆಸರನ್ನು ಬಿಟ್ಟು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರದತ್ತ ಹಾಕಿದ ಲಘು ಮಾರ್ಗದ ಗೇಜ್ ಮಾತ್ರ ಎರಡು ಅಡಿ, ಅಂದರೆ 610 ಮಿಲಿಮೀಟರ್. ಹಳಿ ಕಿರಿದಾದಷ್ಟೂ ಬಂಡಿ ಬಿಗಿಯಾದ ತಿರುವಿನಲ್ಲಿ ಹೊರಳಬಲ್ಲದು, ಗುಡ್ಡ ಕಡಿಯುವ ಖರ್ಚು ಇಳಿಯುತ್ತದೆ, ಹಳ್ಳಕ್ಕೆ ಸಣ್ಣ ಮೋರಿಯೇ ಸಾಕಾಗುತ್ತದೆ. ಕಾಡಿನಂಚಿನ ಏರಿಳಿತದಲ್ಲಿ ಕಡಿಮೆ ಬಂಡವಾಳದ ಮಾರ್ಗಕ್ಕೆ ಇದಕ್ಕಿಂತ ಒಪ್ಪುವ ಅಳತೆ ಇರಲಿಲ್ಲ.

ಈ ಅಗ್ಗದ ಬೆಲೆಯನ್ನು ಬೇರೊಂದು ಕಡೆ ತೆರಬೇಕಿತ್ತು. ಎರಡಡಿ ಹಳಿಯ ಗಾಡಿ ಮೀಟರ್ ಹಳಿಯ ಮೇಲೆ ಹೋಗಲಾರದ ಕಾರಣ, ಮುಂದಕ್ಕೆ ಸಾಗಬೇಕಾದ ದಿಮ್ಮಿಯನ್ನು ತರೀಕೆರೆಯಲ್ಲಿ ಇಳಿಸಿ, ಹೊರಳಿಸಿ, ದೊಡ್ಡ ಗಾಡಿಗೆ ಮತ್ತೆ ಏರಿಸಲೇಬೇಕು. ಸರಕಿನ ಈ ಮರುಹೇರಿಕೆಯೇ ಕಿರುಗೇಜ್ ಮಾರ್ಗಗಳ ಒಳರೋಗ. ಮರವನ್ನು ಕೂಪಿನಲ್ಲೇ ತುಂಬಿಕೊಂಡು ನೇರವಾಗಿ ಸಾಮಿಲ್ಲಿನ ಬಾಗಿಲಿಗೆ ಇಳಿಸಬಲ್ಲ ಮೋಟಾರು ಲಾರಿ ಬಂದ ಮೇಲೆ ಟ್ರಾಂ ಸೋತದ್ದು ವೇಗದಲ್ಲಿ ಅಲ್ಲ, ಈ ಇಳಿಸಿ ಏರಿಸುವ ಕೂಲಿಯಲ್ಲಿ ಎನ್ನುವುದೇ ಸರಿಯಾದ ಎಣಿಕೆ.

1923ರಲ್ಲಿ ಬೀಡುಕಬ್ಬಿಣ ಹೊರತೆಗೆಯಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆ ಈ ವಿದ್ಯೆಯನ್ನು ಇನ್ನಷ್ಟು ವಿಸ್ತರಿಸಿತು. ಅದರ ಊದುಕುಲುಮೆ ಕಲ್ಲಿದ್ದಲಿನ ಬದಲು ಮರದ ಇದ್ದಿಲಿನಿಂದ ಉರಿಯುತ್ತಿದ್ದುದರಿಂದ ಕಾಡಿನ ಸೌದೆ ನಿತ್ಯದ ಅಗತ್ಯವಾಗಿತ್ತು. ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಗಳಲ್ಲಿ ತೂಗಾಡುತ್ತ ರೋಪ್‌ವೇ ಮೂಲಕ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಂ ಹಳಿಯ ಮೇಲೆ ಭದ್ರಾವತಿಗೆ ಸಾಗುತ್ತಿತ್ತು. ಇದರ ನೆಂಟನನ್ನು ಹುಡುಕುವುದಾದರೆ ಮದರಾಸಿಗಿಂತ ಕೊಚ್ಚಿಯ ಕಡೆ ನೋಡಬೇಕು: ಪರಂಬಿಕುಳಂ ಕಾಡಿನಿಂದ ಚಾಲಕುಡಿಗೆ ಮರ ಇಳಿಸಿದ ಅಲ್ಲಿನ ಅರಣ್ಯ ಟ್ರಾಂ 1907ರಿಂದ 1963ರವರೆಗೆ ಬದುಕಿತ್ತು.

ಉಳಿಕೆಯ ಮಾತಿಗೆ ಬಂದರೆ ಚಿತ್ರ ಅಸಮವಾಗಿದೆ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಗಾಡಿ ಮೊದಲ ಆಕರ್ಷಣೆ. ದಿಮ್ಮಿ ಹೊತ್ತ ಗಾಡಿಗೆ ಅರಮನೆಯ ಗಾಡಿಯ ಗೌರವ ಸಿಗುವುದು ಸುಲಭವಲ್ಲ. 762 ಮಿಲಿಮೀಟರ್ ಗೇಜಿನಲ್ಲಿ ಆರಂಭವಾದ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲಿನ ನಂದಿ ಹಾಲ್ಟ್ ನಿಲ್ದಾಣ ದುರಸ್ತಿ ಕಂಡಿದೆ. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ನಿಲ್ದಾಣ ಮಾಲ್ಗುಡಿಯ ಹೆಸರಿನಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕಥೆಯ ಊರಿಗೆ, ಅದೂ ದೂರದರ್ಶನದ ದಯೆಯಿಂದ, ದೊರೆತ ಈ ಭಾಗ್ಯ ನಿಜವಾದ ಟ್ರಾಂ ಊರಿಗೂ ಸಲ್ಲಬೇಕಾದದ್ದು. ಲಕ್ಕವಳ್ಳಿಯ ಅಣೆಕಟ್ಟೆಯ ಹಿನ್ನೀರು ನರಸಿಂಹರಾಜಪುರದ ಅಂಚಿನವರೆಗೆ ಹರಡಿ ಇಲ್ಲಿನ ನೆಲದ ನಕ್ಷೆಯನ್ನೇ ಬದಲಿಸಿರುವುದರಿಂದ, ಹಳಿಯ ಹಾಸನ್ನು ಉದ್ದಕ್ಕೂ ಕಾಪಾಡುವ ಯೋಜನೆ ಬರಿಯ ಆಸೆಯಾದೀತು.

ಸಖರಾಯಪಟ್ಟಣದ ಪಾಲಿನ ಕಥೆ ಬೇರೆ. ಅಯ್ಯನಕೆರೆಯ ನೀರುಂಡ ಈ ಊರಿಗೆ ಟ್ರಾಂ ತಲುಪಲಿಲ್ಲ. 2013ರಲ್ಲಿ ಈ ಊರನ್ನು ಹಾದುಹೋಗುವ ಕಡೂರು–ಚಿಕ್ಕಮಗಳೂರು ಮಾರ್ಗ ತೆರೆದಾಗ ನೇರವಾಗಿ 1676 ಮಿಲಿಮೀಟರ್‌ನ ಬ್ರಾಡ್ ಗೇಜೇ ಬಂದಿತು. ಹೀಗೆ ಒಂದೇ ಸೀಮೆ ಮೂರು ಅಗಲದ ಹಳಿಗಳನ್ನು ಕಂಡಿದೆ. ಆದುದರಿಂದ ಸಂಗ್ರಹಾಲಯವೊಂದು ಆಗುವುದಾದರೆ, ಮರುಹೇರಿಕೆ ನಡೆಯುತ್ತಿದ್ದ ತರೀಕೆರೆಯಲ್ಲೇ ಆಗಬೇಕು. ಹಳೆಯ ಎಂಜಿನ್ನಿಗಾಗಿ ಕಾಯಬೇಕಿಲ್ಲ. 610, 1000, 1676 ಮಿಲಿಮೀಟರ್‌ಗಳ ಮೂರು ತುಂಡು ಹಳಿಗಳನ್ನು ಅಕ್ಕಪಕ್ಕ ಹಾಸಿ, ಎರಡರ ನಡುವೆ ಒಂದು ತೇಗದ ದಿಮ್ಮಿ ಇರಿಸಿದರೆ ಆರಂಭಕ್ಕೆ ಸಾಕು.